ಎರಡಡಿಗೆ ಎರಡಿಂಚು ಕಮ್ಮಿ

ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳ ವಿಷಯ ಬಂದರೆ ಸಾಕು, ನಮ್ಮ ಈ ಗುಂಪಿನವರ ಮಾತೆಲ್ಲ ಶೌರ್ಯದ ಸುತ್ತಲೇ ತಿರುಗುತ್ತದೆ. ಶೌರ್ಯ ಇತ್ತು, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅಷ್ಟೊಂದು ಹುಡುಗರು ಯಾಕೆ ಸತ್ತರು ಅಂತ ಕೇಳಿ ನೋಡಿ. "ಯುದ್ಧ ಅಂದಮೇಲೆ ಇದ್ದದ್ದೇ ಬಿಡಿ ಸಾರ್" ಅಂತಾರೆ. ಬಿಡೋದು ಹೇಗೆ? ಬ್ರಿಟನ್ನಿನ ಬಾಂಬರ್ ಕಮಾಂಡ್, ಅಂದರೆ ಬಾಂಬರ್ ವಿಮಾನಗಳ ಪಡೆಯಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಜನ ಸತ್ತರು. ಇದರಲ್ಲಿ ಎಲ್ಲವೂ ಹಿಟ್ಲರನ ಲೆಕ್ಕಕ್ಕೆ ಹೋಗುವುದಿಲ್ಲ ಅನ್ನೋದು ನನ್ನ ವಾದ.

ಒಂದೇ ಒಂದು ವಿಮಾನ ತೆಗೆದುಕೊಳ್ಳಿ. 1943ರ ಮೇ 16ರ ರಾತ್ರಿ ಆ ಪಡೆಯ 617ನೇ ಸ್ಕ್ವಾಡ್ರನ್ನಿನ 19 ಲ್ಯಾಂಕಾಸ್ಟರ್ ಬಾಂಬರ್‌ಗಳು ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೊರಟವು. ಕೆರೆಯಲ್ಲಿ ನಾವು ಎಸೆಯುತ್ತಿದ್ದ ಚಪ್ಪಟೆ ಕಲ್ಲಿನ ಹಾಗೆ ನೀರಿನ ಮೇಲೆ ಕುಪ್ಪಳಿಸುತ್ತಾ ಹೋಗಿ ಅಣೆಕಟ್ಟಿನ ಗೋಡೆಗೆ ಬಡಿಯುವ ಬಾಂಬು, ಅದನ್ನು ಹಾಕಲು ವಿಮಾನ ತೀರಾ ಕೆಳಗೆ ಹಾರಬೇಕಿತ್ತು. ಮ್ಯೋನೆ ಅಣೆಕಟ್ಟಿನ ಮೇಲೆ ಎರಡನೆಯದಾಗಿ ಎರಗಿದ್ದು ಜಾನ್ ಹಾಪ್‌ಗುಡ್‌ನ ವಿಮಾನ. ಅವನಿಗೆ 21 ವರ್ಷ. ದಾರಿಯಲ್ಲೇ ಗುಂಡೇಟು ಬಿದ್ದು ತಲೆಗೆ ಗಾಯವಾಗಿತ್ತು, ಆದರೂ ವಾಪಸ್ ತಿರುಗಲಿಲ್ಲ. ಅಣೆಕಟ್ಟಿನ ಹತ್ತಿರ ಮತ್ತೆ ಏಟು ಬಿದ್ದು ಬೆಂಕಿ ಹತ್ತಿಕೊಂಡಿತು. ಬಾಂಬು ಬೀಳುವುದು ಒಂದು ಕ್ಷಣ ತಡವಾಗಿ, ಗೋಡೆಯನ್ನು ಹಾರಿಕೊಂಡು ಆಚೆಗಿದ್ದ ವಿದ್ಯುತ್ ಕೇಂದ್ರದ ಮೇಲೆ ಸಿಡಿಯಿತು.

ಅಷ್ಟು ತಗ್ಗಿನಲ್ಲಿ ಪ್ಯಾರಾಚೂಟ್ ಬಿಚ್ಚುವಷ್ಟು ಎತ್ತರವೇ ಇರಲಿಲ್ಲ. ಉರಿಯುತ್ತಿದ್ದ ವಿಮಾನವನ್ನು ಹಾಪ್‌ಗುಡ್ ಎಳೆದಾಡಿ ಒಂದಿಷ್ಟು ಮೇಲೆತ್ತಿದ, ಎಲ್ಲರಿಗೂ ಹಾರಿಕೊಳ್ಳಲು ಹೇಳಿದ. ಬಾಲದ ಗನ್ನರ್ ಟೋನಿ ಬರ್ಚರ್, ಆಸ್ಟ್ರೇಲಿಯಾದವನು. ಲ್ಯಾಂಕಾಸ್ಟರ್‌ನ ಬಾಲದ ಗೂಡು ಎಷ್ಟು ಇಕ್ಕಟ್ಟೆಂದರೆ ಪ್ಯಾರಾಚೂಟ್ ಒಳಗಿಟ್ಟುಕೊಳ್ಳಲು ಜಾಗವಿಲ್ಲ, ಹೊರಗೆ ಒಡಲಲ್ಲಿ ನೇತುಹಾಕಿರಬೇಕು. ಅದನ್ನು ತೆಗೆದುಕೊಳ್ಳಲು ಬಂದಾಗ ರೇಡಿಯೋ ಆಪರೇಟರ್ ಜಾನ್ ಮಿಂಚಿನ್ ಜಜ್ಜಿಹೋದ ಕಾಲು ಎಳೆದುಕೊಂಡು ತೆವಳುತ್ತಾ ಬರುತ್ತಿದ್ದ. ಬರ್ಚರ್ ಅವನ ಪ್ಯಾರಾಚೂಟಿನ ಹಿಡಿ ಎಳೆದು ಬಾಗಿಲಿನಿಂದ ಹೊರಗೆ ತಳ್ಳಿದ, ಆಮೇಲೆ ತಾನೂ ಹಾರಿದ. ಮುಂದುಗಡೆಯಿಂದ ಬಾಂಬು ಗುರಿಯಿಡುವ ಕೆನಡಾದ ಜಾನ್ ಫ್ರೇಸರ್ ಇಳಿದ. ಮಿಂಚಿನ್ ಉಳಿಯಲಿಲ್ಲ. ಏಳು ಜನರಲ್ಲಿ ಬದುಕಿದ್ದು ಬರ್ಚರ್ ಮತ್ತು ಫ್ರೇಸರ್, ಇಬ್ಬರೇ. ಇಬ್ಬರೂ ಸೆರೆಸಿಕ್ಕರು. ಆ ರಾತ್ರಿ ಹೋದ 133 ಜನರಲ್ಲಿ 53 ಜನ ಸತ್ತರು, ಎಂಟು ವಿಮಾನ ಹಿಂತಿರುಗಲಿಲ್ಲ.

ಫ್ರೇಸರ್ ಇಳಿದ ಕಿಂಡಿಯ ಬಗ್ಗೆ ನಾನು ಹೇಳಬೇಕಿರುವುದು. ಲ್ಯಾಂಕಾಸ್ಟರ್‌ನ ಮೂತಿಯ ನೆಲದಲ್ಲಿರುವ ಆ ಕಿಂಡಿಯೇ ಮುಂದಿನವರಿಗೆಲ್ಲ ಹಾರುವ ದಾರಿ. ಅಗಲ 22 ಇಂಚು. ಫ್ರೇಸರ್ ಕೆಲಸ ಮಾಡುತ್ತಿದ್ದುದೇ ಅದರ ಪಕ್ಕದಲ್ಲಿ. ಉಳಿದವರು ದಪ್ಪ ಉಡುಪು, ಎದೆಗೆ ಸಿಕ್ಕಿಸಿದ ಪ್ಯಾರಾಚೂಟ್ ಸಮೇತ ಕತ್ತಲಲ್ಲಿ ತಡಕಾಡಿ ಅಲ್ಲಿಗೆ ಬರಬೇಕು. ಎಲ್ಲರೂ ಹೋಗುವವರೆಗೆ ಚುಕ್ಕಾಣಿ ಹಿಡಿದು ಕೂರುವ ಪೈಲಟ್‌ಗೆ ಸರದಿಯೇ ಬರುವುದಿಲ್ಲ. (ನಮ್ಮ ಮೈಸೂರಿನ ಹೆಸರಿನಲ್ಲೂ ಬ್ರಿಟಿಷ್ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಇತ್ತು, ಲಾಂಛನದಲ್ಲಿ ಗಂಡಭೇರುಂಡ. ಅದು ಒಬ್ಬನೇ ಕೂರುವ ಫೈಟರ್ ವಿಮಾನ ಸ್ಪಿಟ್‌ಫೈರ್‌ಗಳ ಪಡೆ. ತಲೆಯ ಮೇಲಿನ ಗಾಜು ಸರಿಸಿದರೆ ಆಕಾಶವೇ ಬಾಗಿಲು.)

ಹಾಪ್‌ಗುಡ್‌ಗೆ ಎತ್ತರ ಸಿಗಲಿಲ್ಲ, ಕಿಂಡಿ ದೊಡ್ಡದಿದ್ದರೂ ಅವನು ಬದುಕುತ್ತಿರಲಿಲ್ಲ ಅನ್ನಿ. ಆದರೆ ಹದಿನೈದು ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ ಏಟು ತಿಂದವರ ಕಥೆ? ಅದೇ ವರ್ಷ ಬಾಂಬರ್ ಕಮಾಂಡ್‌ನ ಲೆಕ್ಕಾಚಾರದ ವಿಭಾಗಕ್ಕೆ 19ರ ಹುಡುಗನೊಬ್ಬ ಸೇರಿದ, ಫ್ರೀಮನ್ ಡೈಸನ್. ಮುಂದೆ ದೊಡ್ಡ ಭೌತವಿಜ್ಞಾನಿಯಾದ ಅದೇ ಡೈಸನ್. ಅವನು ಕೊಟ್ಟ ಅಂಕಿ ಹೀಗಿದೆ: ಉರುಳಿದ ಅಮೆರಿಕನ್ ಬಾಂಬರ್‌ಗಳಿಂದ ಅರ್ಧದಷ್ಟು ಜನ ಜೀವ ಉಳಿಸಿಕೊಂಡರು. ಬ್ರಿಟನ್ನಿನದೇ ಬೇರೆ ಬಾಂಬರ್‌ಗಳಾದ ಹ್ಯಾಲಿಫ್ಯಾಕ್ಸ್, ಸ್ಟರ್ಲಿಂಗ್‌ಗಳಿಂದ ಶೇ. 25. ಲ್ಯಾಂಕಾಸ್ಟರ್‌ನಿಂದ ಶೇ. 15. ಅಮೆರಿಕನ್ನರಿಗೆ ಹಗಲು ಹಾರಾಟದ ಅನುಕೂಲ ಇತ್ತು, ಒಪ್ಪೋಣ. ಹ್ಯಾಲಿಫ್ಯಾಕ್ಸ್ ಹಾರುತ್ತಿದ್ದದ್ದೂ ಇರುಳಲ್ಲೇ ಅಲ್ಲವೆ? ಅದರ ಕಿಂಡಿ 24 ಇಂಚು.

ಡೈಸನ್‌ನ ಸಹೋದ್ಯೋಗಿಯೊಬ್ಬರು ಕಿಂಡಿ ಅಗಲಿಸಿ ಅಂತ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಕಡತ ಅಲ್ಲಾಡುವ ಹೊತ್ತಿಗೆ ಯುದ್ಧವೇ ಮುಗಿಯುತ್ತಾ ಬಂದಿತ್ತು. ಸರ್ಕಾರಿ ಕಚೇರಿ ಅಂದರೆ ಎಲ್ಲ ಕಡೆ ಒಂದೇ ಅನಿಸುತ್ತದೆ. ಇನ್ನೊಂದು ಮಾತಿತ್ತು: ಮೊದಲ ಕೆಲವು ದಾಳಿ ದಾಟಿಬಿಟ್ಟರೆ ಅನುಭವವೇ ನಿಮ್ಮನ್ನು ಕಾಯುತ್ತದೆ ಎಂದು ಹುಡುಗರಿಗೆ ಹೇಳುತ್ತಿದ್ದರು. ಡೈಸನ್ ಲೆಕ್ಕ ಹಾಕಿ ನೋಡಿದರೆ ಅದೂ ಸುಳ್ಳು. ಜರ್ಮನರು ತಮ್ಮ ರಾತ್ರಿ ವಿಮಾನಗಳಲ್ಲಿ ಮೇಲ್ಮುಖವಾಗಿ ಬಂದೂಕು ಕೂರಿಸಿ, ಲ್ಯಾಂಕಾಸ್ಟರ್‌ನ ಹೊಟ್ಟೆಯಡಿಗೆ ಬಂದು ಹೊಡೆಯುತ್ತಿದ್ದರು. ಅಲ್ಲಿ ನೋಡುವ ಕಣ್ಣೇ ಇಲ್ಲದಿದ್ದಾಗ ಹೊಸಬನೇನು, ಹಳಬನೇನು? ಇನ್ನು ಹಾರುವುದಿಲ್ಲ ಎಂದವನ ಕಡತಕ್ಕೆ ಮಾತ್ರ ಮನೋಸ್ಥೈರ್ಯ ಇಲ್ಲದವನು ಎಂಬ ಮುದ್ರೆ ಬೀಳುತ್ತಿತ್ತು.

ಸತ್ತವರೆಲ್ಲ ಬರೀ ಬಲಿಪಶುಗಳು ಅಂತಲೂ ನಾನು ಹೇಳುತ್ತಿಲ್ಲ. ಆ ರಾತ್ರಿ ಮ್ಯೋನೆ ಒಡೆದು ಬಂದ ನೀರಿಗೆ ಸಾವಿರಕ್ಕೂ ಹೆಚ್ಚು ಜನ ಕೊಚ್ಚಿಹೋದರು. ಅವರಲ್ಲಿ ನೂರಾರು ಮಂದಿ ನೇಹೈಮ್ ಊರಿನ ಶಿಬಿರದಲ್ಲಿ ಕೂಡಿಹಾಕಿದ್ದ, ಸೋವಿಯತ್ ನಾಡಿನಿಂದ ಬಲವಂತವಾಗಿ ಎಳೆತಂದ ಕೂಲಿ ಹೆಂಗಸರು. ಶೌರ್ಯದ ಪೋಸ್ಟ್‌ಗಳಲ್ಲಿ ಇವರೂ ಇರುವುದಿಲ್ಲ.

ನಮ್ಮ ಬೆಂಗಳೂರಿಗೂ ಬಾಂಬರ್‌ಗಳ ನಂಟು ಇದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಅಮೆರಿಕನ್ ಲಿಬರೇಟರ್‌ಗಳನ್ನು ಹಾರಿಸಿಕೊಂಡು ತಂದು ರಿಪೇರಿ ಮಾಡಿದ್ದು ಎಚ್‌ಎಎಲ್. ನಮ್ಮ ವಾಯುಪಡೆ ಅವುಗಳನ್ನು 1968ರವರೆಗೂ ಓಡಿಸಿತು. ಅಲ್ಲಿ ಕೆಲಸ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಈ ಗುಂಪಿನಲ್ಲಿ ಖಂಡಿತ ಇದ್ದೀರಿ. ಲಿಬರೇಟರ್‌ನಿಂದ ಹಾರಿಕೊಳ್ಳುವ ದಾರಿ ಹೇಗಿತ್ತು ಅಂತ ಮನೆಯಲ್ಲಿ ಹಿರಿಯರು ಹೇಳಿದ್ದು ನೆನಪಿದ್ದರೆ ಕೆಳಗೆ ಬರೆಯಿರಿ. ಫೋಟೋ ಇದ್ದರಂತೂ ಹಾಕಲೇಬೇಕು.