ಪೈಪ್ ಗುಂಡಿಯಲ್ಲಿ ಸಿಕ್ಕ ಬೋಕಿ

ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದೆ. ಚಿತ್ರದುರ್ಗದ ಹತ್ತಿರ, ನಮ್ಮ ಹೊಲದ ಪಕ್ಕದಲ್ಲೇ ನೀರಿನ ಪೈಪಿಗೆ ಜೆಸಿಬಿ ಅಗೆಯುತ್ತಿತ್ತು. ಹೊರಗೆ ಬಿದ್ದ ಮಣ್ಣಲ್ಲಿ ಅಂಗೈಯಗಲದ ಒಂದು ಬೋಕಿ, ಅಂದರೆ ಹಳೆ ಮಡಕೆಯ ಚೂರು, ಕಂಡಿತು. ನೀರು ಹಾಕಿ ಒರೆಸಿದೆ. ಒಳಗೆಲ್ಲ ಕಪ್ಪು, ಬಾಯಂಚೂ ಕಪ್ಪು, ಹೊರಮೈ ಕೆಂಪು. ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯ ಪ್ರಾಚೀನ ಕಲ್ಲುಗೋರಿಗಳಲ್ಲಿ ಸಿಕ್ಕ ಮಡಕೆಗಳೂ ಇದೇ ಬಣ್ಣದವು. "ಅಂಥವು ಬೇಕಾದಷ್ಟು ಬಂದ್ವು ಸಾರ್" ಅಂದರು ಜೆಸಿಬಿಯವರು. ಎಷ್ಟು ಆಳದಲ್ಲಿತ್ತು, ಜೊತೆಗೆ ಏನೇನಿತ್ತು, ಯಾರೂ ಬರೆದುಕೊಳ್ಳಲಿಲ್ಲ. ಸಂಜೆಗೆ ಗುಂಡಿ ಮುಚ್ಚಿತು. ಹೊಟ್ಟೆ ಉರಿಯಿತು.

ನಾನಿರುವುದು ಇಂಗ್ಲೆಂಡಿನಲ್ಲಿ. ನಮ್ಮ ಮನೆ ಹಿಂದಿನ ಬಯಲಲ್ಲೂ ನೀರಿನ ಪೈಪ್ ಹಾಕಿದರು. ಅದಕ್ಕೂ ಮುಂಚೆ ಹಳೆ ನಕ್ಷೆ, ದಾಖಲೆ ಎಲ್ಲ ನೋಡಿದರು. ನೆಲದ ಕಾಂತತೆ ಅಳೆಯುವ ಯಂತ್ರ ಹಿಡಿದು ಸಾಲು ಸಾಲಾಗಿ ಅಡ್ಡಾಡಿದರು. ಹಳೆ ಒಲೆಯೋ ಮುಚ್ಚಿಹೋದ ಗುಂಡಿಯೋ ಇದ್ದಲ್ಲಿ ಅಳತೆ ಬದಲಾಗುತ್ತದೆ. ಅಗೆಯುವ ಬಕೆಟ್ಟಿಗೆ ಹಲ್ಲೇ ಇರಲಿಲ್ಲ. ನೇರ ಅಂಚಿನಿಂದ ಮೇಲ್ಮಣ್ಣನ್ನು ಪದರ ಪದರವಾಗಿ ಕೆರೆಯುತ್ತಿತ್ತು. ಪುರಾತತ್ವದವರೊಬ್ಬರು ಮಣ್ಣಿನ ಬಣ್ಣವನ್ನೇ ನೋಡುತ್ತ ಜೊತೆಗೆ ಹೆಜ್ಜೆ ಹಾಕುತ್ತಿದ್ದರು. ಕಪ್ಪು ಕಲೆ ಕಂಡರೆ ಕೈ ಎತ್ತುವರು, ಯಂತ್ರ ನಿಲ್ಲುವುದು. ಅಲ್ಲಿ 1990ರ ಸರ್ಕಾರಿ ಮಾರ್ಗಸೂಚಿ ಬಂದಾಗಿನಿಂದ ಇದರ ಖರ್ಚು ಸಾಮಾನ್ಯವಾಗಿ ಕಾಮಗಾರಿ ಮಾಡಿಸುವವರದೇ.

ನಮ್ಮಲ್ಲಿ ಕಾನೂನೇ ಇಲ್ಲ ಅಂತಲ್ಲ. ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಡ ಕಟ್ಟುವುದಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ. ಆದರೆ ಪಟ್ಟಿಗೆ ಸೇರದ ಹಾಳೂರುಗಳ ಗತಿ? ಬ್ರಹ್ಮಗಿರಿ, ಚಂದ್ರವಳ್ಳಿಗಳನ್ನು 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದರು. ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಕೂಡ ಸಿಕ್ಕಿದೆ. ಇಂಥ ಜಿಲ್ಲೆಯಲ್ಲಿ ಎಲ್ಲಿ ಅಗೆದರೂ ಏನೋ ಇರಬಹುದು, ಅಲ್ವಾ?

ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಅಮ್ಮ ಬಿಂದಿಗೆ ಹೊತ್ತಿದ್ದನ್ನು ನೋಡುತ್ತಲೇ ಬೆಳೆದವನು ನಾನು. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮ ಬರೆಸಿದ್ದೂ ಕೆರೆ ಕಟ್ಟಿಸಿದ ಸುದ್ದಿಯನ್ನೇ. ನನ್ನ ಬೇಡಿಕೆ ಇಷ್ಟೇ: ಪೈಪಿನ ದಾರಿಗೆ ಸುಣ್ಣ ಹಾಕುವ ಮೊದಲು ತಿಳಿದವರೊಬ್ಬರು ಆ ದಾರಿಯಲ್ಲಿ ನಡೆದು ನೋಡಲಿ. ಗೆರೆ ಕಾಗದದ ಮೇಲಿರುವಾಗ ಹತ್ತು ಮೀಟರ್ ಸರಿಸುವುದು ಸುಲಭ. ಹಾಗೇ ಊರಿನ ಹಿರಿಯರನ್ನೂ ಕೇಳಲಿ.

ಅವತ್ತು ಸಂಜೆ ಪಕ್ಕದ ಮನೆ ಅಜ್ಜಿಗೆ ಬೋಕಿ ತೋರಿಸಿದೆ. ತಿರುಗಿಸಿ ನೋಡಿ, "ಅದು ಹಾಳೂರು ಕಣಪ್ಪ. ನಮ್ಮ ಕಾಲದಲ್ಲಿ ಗೊಬ್ಬರಕ್ಕೆ ಹಾಳುಮಣ್ಣು ಅಲ್ಲಿಂದಲೇ ಹೊಡೀತಿದ್ವಿ" ಅಂದರು. ಅಗೆಯುವವರು ಯಾರಾದರೂ ಬಂದು ಕೇಳಿದ್ದರಾ ಅಂದೆ. ಇಲ್ಲ ಅಂತ ತಲೆಯಾಡಿಸಿದರು.