ಹಣ ಒಳಗೆ ಬಂತೋ, ಹೊರಗೆ ಹೋಯಿತೋ?

ಷೇರುಪೇಟೆಯ ಗುರುಗಳು ಯೂಟ್ಯೂಬ್‌ನಲ್ಲಿ ದರ್ಶನ ಕೊಟ್ಟರೆಂದರೆ ಮೊದಲ ಮಾತೇ, "ಈ ಷೇರಿಗೆ ದೊಡ್ಡವರ ಹಣ ಹರಿದು ಬರುತ್ತಿದೆ." ಬರುವ ಹಣವನ್ನು ಅವರು ಕಂಡವರಲ್ಲ, ಚಾರ್ಟಿನ ಕೆಳಗಿನ ಹಸಿರು ಗೆರೆಯನ್ನು ಕಂಡವರು. ಕೊಂಡವನೊಬ್ಬನಿದ್ದರೆ ಮಾರಿದವನೂ ಇರಲೇಬೇಕಲ್ಲ ಎಂದು ಕೇಳುವವನಿಗೆ ಕೋರ್ಸ್ ಮಾರುವುದು ಕಷ್ಟ.

ನಿನ್ನೆ ದಿನವಿಡೀ 500 ರೂಪಾಯಿಯ ಆಸುಪಾಸಿನಲ್ಲಿದ್ದು 500ಕ್ಕೇ ಮುಗಿದ ಷೇರೊಂದು ಇಂದು 480ರಲ್ಲಿ ಆರಂಭವಾಗಿ, 476ಕ್ಕೆ ಇಳಿದು, 490 ಮುಟ್ಟಿ, 489ಕ್ಕೆ ನಿಂತಿತು ಎನ್ನೋಣ. ಕೈ ಬದಲಾದದ್ದು 10 ಲಕ್ಷ ಷೇರು. ಈಗ ಪಂಡಿತರನ್ನು, ಅಂದರೆ ಬೆಲೆ ಮತ್ತು ಕೈ ಬದಲಾದ ಷೇರುಗಳಿಂದ ಹಣದ ಹರಿವನ್ನು ಅಂದಾಜಿಸಿ ಚಾರ್ಟಿನ ಕೆಳಗೆ ಗೆರೆ ಎಳೆಯುವ ಸೂಚಕಗಳನ್ನು, ಕರೆಯಿರಿ. ಆನ್ ಬ್ಯಾಲೆನ್ಸ್ ವಾಲ್ಯೂಮ್ ಎಂಬ ಹಿರಿಯರು, ನಿನ್ನೆಗಿಂತ ಬೆಲೆ ಕಡಿಮೆ ಎಂದು 10 ಲಕ್ಷವನ್ನೂ ತಮ್ಮ ಒಟ್ಟು ಲೆಕ್ಕದಿಂದ ಸಾರಾಸಗಟಾಗಿ ಕಳೆಯುತ್ತಾರೆ. ಹನ್ನೊಂದು ರೂಪಾಯಿ ಬಿದ್ದರೂ ಹನ್ನೊಂದು ಪೈಸೆ ಬಿದ್ದರೂ ಅವರಿಗೆ ಒಂದೇ. ಚೈಕಿನ್ ಮನಿ ಫ್ಲೋಗೆ ನಿನ್ನೆಯ ಗೊಡವೆಯೇ ಇಲ್ಲ. ದಿನದ ಏರಿಳಿತದೊಳಗೆ ಷೇರು ಎಲ್ಲಿ ಮುಗಿಯಿತು ಎಂದಷ್ಟೇ ನೋಡಿ, ಮೇಲ್ತುದಿಯ ಹತ್ತಿರವೇ ಇದೆ, ಎಂಟೂವರೆ ಲಕ್ಷ ಕೂಡಿಸಿ ಎನ್ನುತ್ತದೆ. ಮನಿ ಫ್ಲೋ ಇಂಡೆಕ್ಸ್ ಗರಿಷ್ಠ, ಕನಿಷ್ಠ, ಮುಕ್ತಾಯಗಳ ಸರಾಸರಿ 485 ತೆಗೆದು, ಅದು ನಿನ್ನೆಗಿಂತ ಇಳಿದಿದೆ ಎಂದು, 10 ಲಕ್ಷದಿಂದ ಗುಣಿಸಿ 48.5 ಕೋಟಿ ರೂಪಾಯಿಯನ್ನು ಹೊರಹರಿವಿಗೆ ಬರೆಯುತ್ತದೆ.

ಗುರುಗಳಿಗೆ ಇದರಿಂದ ಅನುಕೂಲವೇ. ಕೊಳ್ಳಿ ಎನ್ನಬೇಕಾದ ದಿನ ಚೈಕಿನ್, ಮಾರಿ ಎನ್ನಬೇಕಾದ ದಿನ ಉಳಿದಿಬ್ಬರು. ಯಾರೂ ಒಪ್ಪದಿದ್ದರೆ ಸೂಚಕ ಎಷ್ಟು ದಿನ ಹಿಂದಕ್ಕೆ ನೋಡಬೇಕೆಂಬ 14 ದಿನಗಳ ಸೆಟ್ಟಿಂಗನ್ನು 9ಕ್ಕೆ ಇಳಿಸಿದರಾಯಿತು. ಬೆಲೆ ಒಂದು ಕಡೆ, ಗೆರೆ ಇನ್ನೊಂದು ಕಡೆ ಹೊರಟರೆ ಅದಕ್ಕೆ 'ಡೈವರ್ಜೆನ್ಸ್' ಎಂದು ಹೆಸರಿಟ್ಟು ಪ್ರತ್ಯೇಕ ಕ್ಲಾಸು, ಪ್ರತ್ಯೇಕ ಶುಲ್ಕ. ಆನ್ ಬ್ಯಾಲೆನ್ಸ್ ವಾಲ್ಯೂಮ್ ಎಂಬ ಆ ಹಿರಿಯ ಸೂಚಕವನ್ನು 1963ರಲ್ಲಿ ಪ್ರಸಿದ್ಧಿಗೆ ತಂದ ಅಮೆರಿಕದ ಜೋಸೆಫ್ ಗ್ರ್ಯಾನ್‌ವಿಲ್, 1982ರ ಆಗಸ್ಟ್‌ನಲ್ಲಿ ಅಲ್ಲಿನ ಪೇಟೆ ಏರತೊಡಗಿದಾಗಲೂ ಇಳಿಯುತ್ತದೆಂದೇ ಹಟ ಹಿಡಿದಿದ್ದರು. ಇದು ಸಿಲೆಬಸ್ಸಿನಲ್ಲಿ ಇರುವುದಿಲ್ಲ.

ನಿಜವಾದ ಹರಿವನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಗೆರೆ ಎಳೆಯದೆಯೇ ತೋರಿಸಿದೆ. 2021–22ರಿಂದ 2023–24ರವರೆಗೆ, ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಆಡಿದ ಬಿಡಿ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಬರಿಯ ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆಗಳನ್ನು ಬಳಸಬಾರದು ಎಂದು 2025ರ ಜನವರಿಯಲ್ಲಿ ಅದೇ ಸೆಬಿ ಕಟ್ಟಪ್ಪಣೆ ಹೊರಡಿಸಿತು. ಗುರುಗಳು ಮೊದಲು ಗೊಣಗಿದರು, ಆಮೇಲೆ ಹಳೆಯ ಚಾರ್ಟ್ ತೆರೆದು ನೋಡಿದರು. ಅದರಲ್ಲಿ ಮುಂದೇನಾಯಿತು ಎಂಬುದು ಆಗಲೇ ಇದೆ. ಬೇಕಾದ ಸೂಚಕವನ್ನು ಆಮೇಲೆ ಆರಿಸಿಕೊಂಡರೂ ಆಗುತ್ತದೆ. ಅಂದಿನಿಂದ ಅವರ ಒಂದು ಭವಿಷ್ಯವೂ ತಪ್ಪಿಲ್ಲ.