ಹಳ್ಳಿಯ ಹಿರಿಯರಿಗೆ ಖಿನ್ನತೆ ಬರುವುದಿಲ್ವಾ? ಸತ್ಯಾಂಶ ಇಲ್ಲಿದೆ

"ಶುದ್ಧ ಗಾಳಿ, ಮೈತುಂಬಾ ಕೆಲಸ. ಹಳ್ಳಿಯಲ್ಲಿ ವಯಸ್ಸಾದವರಿಗೆ ಖಿನ್ನತೆ ಬರುವುದೇ ಇಲ್ಲ, ಅದು ಪೇಟೆಯವರ ಕಾಯಿಲೆ" ಎಂಬ ಮೆಸೇಜ್ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು.

ಮೈ ಬಗ್ಗಿಸಿ ದುಡಿಯುವುದು ಮನಸ್ಸಿಗೆ ಒಳ್ಳೆಯದು, ನಿಜ. ಆದರೆ ಮಂಡಿನೋವು ಬಂದು ಆ ಕೆಲಸವೇ ನಿಂತರೆ? ಸಂಗಾತಿ ತೀರಿಕೊಂಡು, ಮಕ್ಕಳು ದುಡಿಮೆಗೆಂದು ಊರು ಬಿಟ್ಟರೆ? ಒಂಟಿತನ, ಹಣದ ಚಿಂತೆ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಹಿಂದೊಮ್ಮೆ ಬಂದಿದ್ದ ಖಿನ್ನತೆ ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ಕಿವಿ ಮಂದವಾಗುವುದನ್ನಂತೂ ನಾವು ಲೆಕ್ಕಕ್ಕೇ ಇಡುವುದಿಲ್ಲ. ಮಾತು ಕೇಳಿಸದವರು ಮೆಲ್ಲಗೆ ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ವೈದ್ಯರು ದೂರವಿದ್ದಷ್ಟೂ ಕಾಯಿಲೆ ಗೊತ್ತಾಗುವುದು ತಡ.

ಹಿರಿಯರು ಬಾಯಿಬಿಟ್ಟು "ಬೇಜಾರು" ಅನ್ನುವುದೂ ಕಡಿಮೆ. ನಿದ್ದೆ ಇಲ್ಲ, ಹಸಿವಿಲ್ಲ, ಮೈಕೈ ನೋವು ಅನ್ನುತ್ತಾರೆ. ನಾವೋ, ವಯಸ್ಸಾಯ್ತಲ್ವಾ ಅಂತ ಸುಮ್ಮನಾಗುತ್ತೇವೆ. ಇದು 2 ವಾರ ದಾಟಿದರೆ ವೈದ್ಯರಿಗೆ ತೋರಿಸಬೇಕು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ ಕೂಡ ಹೀಗೇ ಕಾಣಬಹುದು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಖಿನ್ನತೆಯೇ ಆಗಿದ್ದರೆ ಆಪ್ತಸಮಾಲೋಚನೆ, ಮಾತ್ರೆ ಎರಡೂ ಈ ವಯಸ್ಸಿನಲ್ಲೂ ಕೆಲಸ ಮಾಡುತ್ತವೆ. "ಬದುಕಿದ್ದು ಸಾಕು" ಎಂಬ ಮಾತು ಬಂದರೆ ಮಾತ್ರ 2 ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ.